ಪಾಸ್ ಉಂಟು, ಬಸ್ ಇಲ್ಲ: ಯುವಜನರ ಪ್ರಯಾಣಕ್ಕೆ ಸಿಕ್ಕ ಅರ್ಧ ಪರಿಹಾರ

ಜೂನ್ ತಿಂಗಳು ಬಂತೆಂದರೆ ರಾಜ್ಯದ ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣಗಳಲ್ಲಿ ಪಾಸ್ ಕೌಂಟರಿನ ಮುಂದೆ ಸಾಲು ಬೆಳೆಯುತ್ತದೆ. ಹತ್ತು ವರ್ಷಗಳ ಹಿಂದೆ ಆ ಸಾಲಿನಲ್ಲಿ ಹುಡುಗರಷ್ಟೇ ಹುಡುಗಿಯರೂ ಇರುತ್ತಿದ್ದರು. ಈಗ ಅದು ಬಹುತೇಕ ಹುಡುಗರ ಸಾಲು. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಜಾರಿಗೆ ಬಂದ ಬಳಿಕ ನಾಲ್ಕೂ ಸಾರಿಗೆ ನಿಗಮಗಳ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೂ ವಿದ್ಯಾರ್ಥಿನಿಯರಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಪ್ರಯಾಣ ಉಚಿತವಾಯಿತು. ಹೀಗಾಗಿ ಒಂದೇ ಮನೆಯಿಂದ, ಒಂದೇ ಕಾಲೇಜಿಗೆ, ಒಂದೇ ಬಸ್ಸಿನಲ್ಲಿ ಹೊರಡುವ ಅಣ್ಣ-ತಂಗಿಯರಲ್ಲಿ ತಂಗಿ ಆಧಾರ್ ಕಾರ್ಡ್ ತೋರಿಸಿ ಉಚಿತ ಟಿಕೆಟ್ ಪಡೆಯುತ್ತಾಳೆ. ಅಣ್ಣ ಸೇವಾಸಿಂಧುವಿನಲ್ಲಿ ಅರ್ಜಿ ಹಾಕಿ, ಹಣ ಕಟ್ಟಿ, ಪಾಸ್ ಮಾಡಿಸಿಕೊಳ್ಳುತ್ತಾನೆ.

ಆದರೆ ಬೆಳಿಗ್ಗೆ ಎಂಟು ಗಂಟೆಗೆ ಊರಿನ ಗೇಟಿನ ಬಳಿ ಬಸ್ ನಿಲ್ಲದೆ ಮುಂದೆ ಹೋದಾಗ ಇಬ್ಬರ ಸ್ಥಿತಿಯೂ ಒಂದೇ. ಉಚಿತ ಟಿಕೆಟ್ಟಾಗಲಿ ರಿಯಾಯಿತಿ ಪಾಸಾಗಲಿ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಯುವಜನರಿಗೆ ಸಾರ್ವಜನಿಕ ಸಾರಿಗೆಯನ್ನು ಕೈಗೆಟುಕುವಂತೆ ಮಾಡಬೇಕೆಂಬ ಮಾತು ಪ್ರತಿ ಬಜೆಟ್ಟಿನ ಸಂದರ್ಭದಲ್ಲೂ ಕೇಳಿಬರುತ್ತದೆ. ಕೈಗೆಟುಕುವುದು ಎಂಬ ಮಾತಿಗೆ ಎರಡು ಅರ್ಥಗಳಿವೆ. ಒಂದು ದರಕ್ಕೆ ಸಂಬಂಧಿಸಿದ್ದು, ಇನ್ನೊಂದು ಬಸ್ಸಿಗೇ ಸಂಬಂಧಿಸಿದ್ದು. ಕರ್ನಾಟಕವು ಮೊದಲನೆಯದರಲ್ಲಿ ದೇಶದ ಅನೇಕ ರಾಜ್ಯಗಳಿಗಿಂತ ಮುಂದಿದೆ ಎಂದು ಹೇಳಲು ಸಂಕೋಚಪಡಬೇಕಾಗಿಲ್ಲ. ಎರಡನೆಯದರ ಬಗ್ಗೆ ಅಷ್ಟೇ ಧೈರ್ಯದಿಂದ ಏನನ್ನೂ ಹೇಳುವಂತಿಲ್ಲ. ಅಲ್ಲದೆ ದರದ ಲೆಕ್ಕದಲ್ಲೂ ಒಂದು ದೊಡ್ಡ ವರ್ಗ ಸದ್ದಿಲ್ಲದೆ ಹೊರಗುಳಿದಿದೆ. ಶಾಲಾ-ಕಾಲೇಜುಗಳ ದಾಖಲಾತಿ ಪುಸ್ತಕದಲ್ಲಿ ಹೆಸರಿಲ್ಲದ ಯುವಕರೇ ಈ ವರ್ಗ.

ಪಾಸಿನ ಲೆಕ್ಕ

ಮೊದಲು ಇರುವ ಸೌಲಭ್ಯವನ್ನು ನ್ಯಾಯವಾಗಿ ನೋಡೋಣ. ಕೆಎಸ್‌ಆರ್‌ಟಿಸಿಯ ವಿದ್ಯಾರ್ಥಿ ರಿಯಾಯಿತಿ ಪಾಸಿಗೆ 2023-24ನೇ ಸಾಲಿನಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿಂದ ಸಂಸ್ಕರಣಾ ಶುಲ್ಕವೆಂದು 150 ರೂ. ಮಾತ್ರ ಪಡೆಯಲಾಗುತ್ತಿತ್ತು. ಪ್ರೌಢಶಾಲೆಯ ಬಾಲಕರಿಗೆ 750 ರೂ., ಬಾಲಕಿಯರಿಗೆ 550 ರೂ., ಪದವಿಪೂರ್ವ ಮತ್ತು ಪದವಿ ವಿದ್ಯಾರ್ಥಿಗಳಿಗೆ 1,050 ರೂ., ಐಟಿಐಗೆ 1,310 ರೂ., ವೃತ್ತಿಪರ ಕೋರ್ಸುಗಳಿಗೆ 1,550 ರೂ. ನಿಗದಿಯಾಗಿತ್ತು. ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳು ಹೆಚ್ಚೂಕಡಿಮೆ ಸಂಸ್ಕರಣಾ ಶುಲ್ಕವನ್ನಷ್ಟೇ ಕಟ್ಟಿದರೆ ಸಾಕಿತ್ತು. ಐಟಿಐ ಪಾಸನ್ನು ಬಿಟ್ಟರೆ ಸಾಮಾನ್ಯವಾಗಿ ಇವು ಹತ್ತು ತಿಂಗಳ ಪಾಸುಗಳು.

ಪದವಿ ವಿದ್ಯಾರ್ಥಿಯ 1,050 ರೂಪಾಯಿಯನ್ನು ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 105 ರೂ. ಆಗುತ್ತದೆ. ತಿಂಗಳಿಗೆ ಇಪ್ಪತ್ತೈದು ದಿನ ಕಾಲೇಜೆಂದು ಹಿಡಿದರೂ ದಿನಕ್ಕೆ ಸುಮಾರು ನಾಲ್ಕು ರೂಪಾಯಿ. ಇಷ್ಟು ಹಣಕ್ಕೆ ಮೂವತ್ತು-ನಲವತ್ತು ಕಿಲೋಮೀಟರ್ ದೂರದ ಕಾಲೇಜಿಗೆ ಹೋಗಿ ಬರುವ ಸೌಲಭ್ಯವಿರುವುದು ಸಣ್ಣ ವಿಷಯವಲ್ಲ. ರಾಜ್ಯದ ಗ್ರಾಮೀಣ ಭಾಗದ ಎರಡು ತಲೆಮಾರುಗಳ ಪದವೀಧರರು ಈ ಪಾಸಿನ ಬಲದ ಮೇಲೆಯೇ ಓದಿದವರು ಎಂದರೆ ಉತ್ಪ್ರೇಕ್ಷೆಯಾಗದು. ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿ ಪರೀಕ್ಷೆಗಳ ದಿನಗಳಲ್ಲಿ ಪ್ರವೇಶಪತ್ರ ತೋರಿಸಿದರೆ ಪರೀಕ್ಷಾ ಕೇಂದ್ರದವರೆಗೆ ಉಚಿತವಾಗಿ ಪ್ರಯಾಣಿಸಲು ಬಿಡುವ ಸತ್ಸಂಪ್ರದಾಯವೂ ನಿಗಮಗಳಲ್ಲಿದೆ.

ಆದರೆ ಈ ಪಾಸ್ ರೂಪುಗೊಂಡ ಕಾಲದ ವಿದ್ಯಾರ್ಥಿ ಬೇರೆ, ಇಂದಿನ ವಿದ್ಯಾರ್ಥಿ ಬೇರೆ. ಪಾಸಿನ ಮೇಲೆ ಎರಡು ಊರುಗಳ ಹೆಸರಿರುತ್ತದೆ: ಮನೆಯ ಊರು ಮತ್ತು ಕಾಲೇಜಿನ ಊರು. ಅವೆರಡರ ನಡುವಿನ ದಾರಿಯಷ್ಟೇ ಆತನದ್ದು. ಜಿಲ್ಲಾ ಕೇಂದ್ರದ ಗ್ರಂಥಾಲಯಕ್ಕೋ, ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿಗೋ, ಕೋರ್ಸಿನ ಭಾಗವಾದ ಇಂಟರ್ನ್‌ಶಿಪ್‌ಗೋ, ಸಂಜೆಯ ಅರೆಕಾಲಿಕ ಕೆಲಸಕ್ಕೋ ಹೋಗಬೇಕಾದರೆ ಅದೇ ವಿದ್ಯಾರ್ಥಿ ಪೂರ್ಣ ದರದ ಪ್ರಯಾಣಿಕನಾಗುತ್ತಾನೆ. ಇನ್ನು ಕೋವಿಡ್ ನಂತರ ಅನೇಕ ವಿಶ್ವವಿದ್ಯಾಲಯಗಳ ಶೈಕ್ಷಣಿಕ ವೇಳಾಪಟ್ಟಿ ಹಿಂದುಮುಂದಾಗಿದ್ದು, ಪಾಸಿನ ಅವಧಿ ಮುಗಿದ ಮೇಲೂ ಸೆಮಿಸ್ಟರ್ ಪರೀಕ್ಷೆಗಳು ಉಳಿದಿರುವುದು ಪದೇಪದೇ ಕಾಣುತ್ತಿದೆ. ಅವಧಿ ವಿಸ್ತರಣೆಗಾಗಿ ಮನವಿ, ಆದೇಶ, ಮತ್ತೆ ಶುಲ್ಕ ಎಂಬ ಸುತ್ತು ಆಗ ಆರಂಭವಾಗುತ್ತದೆ.

‘ಶಕ್ತಿ’ ಈ ಕಟ್ಟುಗಳನ್ನೆಲ್ಲ ವಿದ್ಯಾರ್ಥಿನಿಯರ ಪಾಲಿಗೆ ಒಮ್ಮೆಗೇ ಬಿಡಿಸಿಬಿಟ್ಟಿತು. ದಾರಿಯ ಮಿತಿಯಿಲ್ಲ, ತಿಂಗಳ ಮಿತಿಯಿಲ್ಲ, ಕಾಲೇಜಿನ ಮೊಹರು ಬೇಡ. ಈ ಯೋಜನೆಯ ಕುರಿತ ವಾದ-ವಿವಾದಗಳಲ್ಲಿ ಸಾಕಷ್ಟು ಗಮನಕ್ಕೆ ಬಾರದೆ ಹೋದ ಅಂಶವಿದು. ತೀರ್ಥಕ್ಷೇತ್ರಗಳಿಗೆ ಹೋಗುವ ಮಹಿಳೆಯರ ಚಿತ್ರಗಳೇ ಹೆಚ್ಚು ಪ್ರಚಾರ ಪಡೆದವು. ಆದರೆ ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ತಂದೆಯ ಬಳಿ ಕೈಚಾಚದೆ ಉದ್ಯೋಗ ಮೇಳಕ್ಕೆ ಹೋಗಿಬರುವಂತಾದದ್ದು ಸುದ್ದಿಯಾಗಲಿಲ್ಲ. 2025ರ ಜುಲೈ 14ರಂದು ಉಚಿತ ಪ್ರಯಾಣಗಳ ಸಂಖ್ಯೆ 500 ಕೋಟಿ ಮುಟ್ಟಿದ ಸಂಭ್ರಮವನ್ನು ಸರ್ಕಾರ ಆಚರಿಸಿತು. ಅದರಲ್ಲಿ ಕಾಲೇಜು ಹುಡುಗಿಯರ ಪಾಲೆಷ್ಟು ಎಂಬ ಪ್ರಶ್ನೆ ಆ ಸಂಭ್ರಮದಲ್ಲಿ ಮುಂಚೂಣಿಗೆ ಬರಲಿಲ್ಲ.

ಘಟಕದ ಕಣ್ಣಿಗೆ ಕಾಣದ ಪ್ರಯಾಣಿಕ

ಪಾಸ್ ಕೈಯಲ್ಲಿದ್ದರೂ ಬಸ್ ಏಕೆ ಸಿಗುವುದಿಲ್ಲ ಎಂಬುದನ್ನು ತಿಳಿಯಬೇಕಾದರೆ ನಿಗಮದ ಘಟಕಗಳಲ್ಲಿ ಅನುಸೂಚಿಗಳು ನಿರ್ಧಾರವಾಗುವ ಬಗೆಯನ್ನು ನೋಡಬೇಕು. ಒಂದು ಬಸ್ ಕಿಲೋಮೀಟರಿಗೆ ಎಷ್ಟು ಗಳಿಸುತ್ತದೆ ಎಂಬುದು ಅಲ್ಲಿನ ಮುಖ್ಯ ಅಳತೆಗೋಲು. ನಿರ್ವಾಹಕ ಸಂಜೆ ಕಟ್ಟುವ ಹಣವನ್ನು ಓಡಿದ ದೂರದಿಂದ ಭಾಗಿಸಿದರೆ ಲೆಕ್ಕ ಸಿಗುತ್ತದೆ. ಈ ಲೆಕ್ಕದಲ್ಲಿ ಕಡಿಮೆ ಬಿದ್ದ ಸುತ್ತುವಳಿಯ ಮೇಲೆ ಮೇಲಧಿಕಾರಿಗಳ ಕಣ್ಣು ಬೀಳುತ್ತದೆ.

ಈಗ ಬೆಳಿಗ್ಗೆ ಏಳೂವರೆಗೆ ಹಳ್ಳಿಯೊಂದರಿಂದ ತಾಲ್ಲೂಕು ಕೇಂದ್ರಕ್ಕೆ ಹೊರಡುವ ಬಸ್ಸನ್ನು ಊಹಿಸಿಕೊಳ್ಳಿ. ಬಸ್ಸಿನಲ್ಲಿ ಎಂಬತ್ತು ಜನ. ಅವರಲ್ಲಿ ಐವತ್ತು ಮಂದಿ ಪಾಸುದಾರ ವಿದ್ಯಾರ್ಥಿಗಳು. ಪಾಸುದಾರನಿಗೆ ನಿರ್ವಾಹಕ ಪ್ರತಿದಿನ ಟಿಕೆಟ್ ಹರಿಯುವುದಿಲ್ಲ. ಪಾಸನ್ನು ನೋಡಿ ಮುಂದೆ ಹೋಗುತ್ತಾನೆ. ಆತನ ಹಣ ಜೂನ್‌ನಲ್ಲಿಯೇ ನಿಗಮಕ್ಕೆ ಸಂದಾಯವಾಗಿರುತ್ತದೆ. ಉಳಿದ ವೆಚ್ಚದಲ್ಲಿ ಒಂದು ಪಾಲನ್ನು ಸರ್ಕಾರ ಕೊಡಬೇಕು, ಇನ್ನೊಂದು ಪಾಲನ್ನು ನಿಗಮವೇ ಹೊರಬೇಕು. ಹೀಗಾಗಿ ಉಸಿರಾಡಲೂ ಜಾಗವಿಲ್ಲದ ಆ ಬಸ್ಸು ದಿನದ ಲೆಕ್ಕದ ಹಾಳೆಯಲ್ಲಿ ಅರ್ಧ ಖಾಲಿ ಓಡಿದ ಬಸ್ಸಿನಂತೆ ಕಾಣುತ್ತದೆ. ಚಾಲಕರ ಕೊರತೆಯಿಂದಲೋ ಬಸ್ ಕೆಟ್ಟದ್ದರಿಂದಲೋ ಒಂದು ಸುತ್ತುವಳಿಯನ್ನು ಕೈಬಿಡಬೇಕಾಗಿ ಬಂದಾಗ ಯಾವುದು ಮೊದಲು ಹೋಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿರ್ವಾಹಕರನ್ನಾಗಲಿ ಘಟಕ ವ್ಯವಸ್ಥಾಪಕರನ್ನಾಗಲಿ ಇದಕ್ಕಾಗಿ ದೂರುವುದು ಸುಲಭ. ಆದರೆ ಅವರ ಮುಂದಿಟ್ಟಿರುವ ಅಳತೆಗೋಲೇ ಹಾಗಿದೆ.

‘ಶಕ್ತಿ’ ಇಲ್ಲಿಯೂ ಒಂದು ವ್ಯತ್ಯಾಸವನ್ನು ತಂದಿದೆ. ವಿದ್ಯಾರ್ಥಿನಿಗೆ ನೀಡುವ ಉಚಿತ ಟಿಕೆಟ್ ಯಂತ್ರದಿಂದ ಹೊರಬರುವ ನಿಜವಾದ ಟಿಕೆಟ್. ಎಲ್ಲಿ ಹತ್ತಿದಳು, ಎಲ್ಲಿಗೆ ಹೋದಳು, ಎಷ್ಟು ಹೊತ್ತಿಗೆ ಎಂಬುದೆಲ್ಲ ದಾಖಲಾಗುತ್ತದೆ. ಅದರ ಮೌಲ್ಯವನ್ನು ನಿಗಮ ಸರ್ಕಾರದಿಂದ ಕೇಳಿ ಪಡೆಯುತ್ತದೆ. ಅಂದರೆ ರಾಜ್ಯದ ಸಾರಿಗೆ ವ್ಯವಸ್ಥೆಯ ದಾಖಲೆಗಳಲ್ಲಿ ಹುಡುಗಿಯರ ದೈನಂದಿನ ಓಡಾಟದ ಗುರುತು ಮೂಡತೊಡಗಿದೆ. ಪಾಸುದಾರ ಹುಡುಗನ ಗುರುತು ಈಗಲೂ ಮೂಡುವುದಿಲ್ಲ. ಪಾಸನ್ನೂ ಯಂತ್ರದಲ್ಲಿ ಪ್ರತಿ ಬಾರಿ ದಾಖಲಿಸುವಂತೆ ಮಾಡಿದರೆ ಯಾವ ಮಾರ್ಗದಲ್ಲಿ, ಯಾವ ಗಂಟೆಯಲ್ಲಿ ವಿದ್ಯಾರ್ಥಿಗಳ ಒತ್ತಡವಿದೆ ಎಂಬುದು ಘಟಕಕ್ಕೆ ದಿನವೂ ತಿಳಿಯುತ್ತದೆ. ದೊಡ್ಡ ಮೊತ್ತದ ಯೋಜನೆಯೇನೂ ಇದಕ್ಕೆ ಬೇಕಾಗಿಲ್ಲ. ತುಂಬಿದ ಬಸ್ಸಿನಲ್ಲಿ ನಿರ್ವಾಹಕನ ಕೆಲಸ ಇನ್ನಷ್ಟು ಹೆಚ್ಚುತ್ತದೆ ಎಂಬ ಆಕ್ಷೇಪವಂತೂ ಸರಿಯಾದದ್ದೇ.

ಯೋಜನೆಗೆ ಮುನ್ನ ನಾಲ್ಕೂ ನಿಗಮಗಳ ಬಸ್ಸುಗಳಲ್ಲಿ ದಿನಕ್ಕೆ ಸುಮಾರು 85 ಲಕ್ಷ ಮಂದಿ ಪ್ರಯಾಣಿಸುತ್ತಿದ್ದರು. ಬಳಿಕ ಆ ಸಂಖ್ಯೆ ಒಂದು ಕೋಟಿಯನ್ನು ದಾಟಿತೆಂದು ಸರ್ಕಾರವೇ ಹೇಳಿದೆ. ಬಸ್ಸುಗಳ ಸಂಖ್ಯೆ ಆ ಪ್ರಮಾಣದಲ್ಲಿ ಹೆಚ್ಚಲಿಲ್ಲ. ನಾಲ್ಕೂ ನಿಗಮಗಳು ಸೇರಿ ಇರುವುದು ಸುಮಾರು 25 ಸಾವಿರ ಬಸ್ಸು. ಹೊಸ ಬಸ್ಸುಗಳು ಸೇರ್ಪಡೆಯಾದಂತೆಲ್ಲ ಹಳೆಯವು ಗುಜರಿಗೆ ಹೋಗಿವೆ. ಈ ಹೆಚ್ಚುವರಿ ಒತ್ತಡವನ್ನು ತಾಳಿಕೊಂಡವರು ಬಾಗಿಲಿನ ಮೆಟ್ಟಿಲ ಮೇಲೆ ನಿಲ್ಲುವ ಹುಡುಗರು. ಬಿಎಂಟಿಸಿಯನ್ನು ಬಿಟ್ಟು ಉಳಿದ ನಿಗಮಗಳ ಬಸ್ಸುಗಳಲ್ಲಿ ಅರ್ಧದಷ್ಟು ಆಸನ ಪುರುಷರಿಗೆ ಮೀಸಲು ಎಂದು ಯೋಜನೆಯ ಆದೇಶದಲ್ಲಿ ಹೇಳಲಾಗಿತ್ತು. ಬೆಳಿಗ್ಗೆ ಎಂಟರ ಬಸ್ಸಿನಲ್ಲಿ ಆ ಆದೇಶವನ್ನು ಹುಡುಕುವುದು ವ್ಯರ್ಥ ಸಾಹಸ.

ವಿದ್ಯಾರ್ಥಿಯಲ್ಲದ ಯುವಕನ ಪಾಡು

ಪದವಿ ಮುಗಿಸಿದ ಮರುದಿನವೇ ಯುವಕನೊಬ್ಬ ಸಾರಿಗೆ ನಿಗಮದ ದೃಷ್ಟಿಯಲ್ಲಿ ಮಧ್ಯವಯಸ್ಕನಾಗಿಬಿಡುತ್ತಾನೆ. ಸಾಮಾನ್ಯ ವರ್ಗದ ಪ್ರಯಾಣದಲ್ಲಿ ಹಿರಿಯ ನಾಗರಿಕರಿಗೆ ರಿಯಾಯಿತಿ ಇದೆ, ಅಂಗವಿಕಲರಿಗೆ ಇದೆ, ಮಹಿಳೆಯರಿಗೆ ಉಚಿತವಿದೆ. ಕೆಲಸ ಹುಡುಕುತ್ತಿರುವ ಇಪ್ಪತ್ತೆರಡರ ಹುಡುಗನಿಗೆ ಮಾತ್ರ ಯಾವುದೂ ಇಲ್ಲ. ಆತನ ಕೈಯಲ್ಲಿ ಹಣ ಅತ್ಯಂತ ಕಡಿಮೆ ಇರುವುದೂ, ಓಡಾಟ ಅತ್ಯಂತ ಹೆಚ್ಚು ಇರುವುದೂ ಅದೇ ಕಾಲದಲ್ಲಿ.

2025ರ ಜನವರಿ 5ರಿಂದ ನಾಲ್ಕೂ ನಿಗಮಗಳ ದರ ಶೇ.15ರಷ್ಟು ಏರಿತು. ಬೆಂಗಳೂರಿನಲ್ಲಿ ಬಿಎಂಟಿಸಿಯ ಸಾಮಾನ್ಯ ದಿನದ ಪಾಸು 70 ರೂ.ನಿಂದ 80 ರೂ.ಗೆ, ತಿಂಗಳ ಪಾಸು 1,050 ರೂ.ನಿಂದ 1,200 ರೂ.ಗೆ ಹೋಯಿತು. ‘ಯುವನಿಧಿ’ ಯೋಜನೆ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಆರಂಭವಾದಾಗ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂ., ಡಿಪ್ಲೊಮಾ ಪಡೆದವರಿಗೆ 1,500 ರೂ. ಎಂದು ನಿಗದಿಯಾಗಿತ್ತು. ಡಿಪ್ಲೊಮಾ ಮುಗಿಸಿದವನು ಬೆಂಗಳೂರಿನಲ್ಲಿ ಕೆಲಸ ಹುಡುಕಲು ತಿಂಗಳ ಪಾಸ್ ಕೊಂಡರೆ ಸರ್ಕಾರ ಒಂದು ಕೈಯಿಂದ ಕೊಟ್ಟ ಭತ್ಯೆಯ ಐದರಲ್ಲಿ ನಾಲ್ಕು ಪಾಲು ಸರ್ಕಾರದ್ದೇ ನಿಗಮಕ್ಕೆ ಮರಳುತ್ತದೆ. ಈ ಎರಡು ಇಲಾಖೆಗಳ ಕಡತಗಳು ಒಂದೇ ವಿಧಾನಸೌಧದ ಸುತ್ತಮುತ್ತಲೇ ಓಡಾಡುತ್ತಿದ್ದರೂ ಒಂದನ್ನೊಂದು ಸಂಧಿಸಿದಂತೆ ತೋರುವುದಿಲ್ಲ.

ಶಿಶಿಕ್ಷುಗಳ ಸ್ಥಿತಿ ಇದಕ್ಕಿಂತ ಬೇರೆಯಲ್ಲ. 2019ರ ತಿದ್ದುಪಡಿ ನಿಯಮಗಳಲ್ಲಿ ಶಿಶಿಕ್ಷುಗಳಿಗೆ ವಿದ್ಯಾರ್ಹತೆಗೆ ಅನುಗುಣವಾಗಿ ನಿಗದಿಯಾದ ಕನಿಷ್ಠ ಭತ್ಯೆ ತಿಂಗಳಿಗೆ 5,000 ರೂ.ನಿಂದ 9,000 ರೂ. ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ತರಬೇತಿಗೆ ಸೇರಿದ ಹುಡುಗನಿಗೆ 1,200 ರೂಪಾಯಿಯ ಪಾಸೆಂದರೆ ಆ ಭತ್ಯೆಯ ಶೇ.13ರಿಂದ ಶೇ.24ರಷ್ಟು. ಆತ ಕಲಿಯುತ್ತಿದ್ದಾನೆ, ಆದರೆ ವಿದ್ಯಾರ್ಥಿಯಲ್ಲ. ದುಡಿಯುತ್ತಿದ್ದಾನೆ, ಆದರೆ ಪೂರ್ಣ ಸಂಬಳವಿಲ್ಲ. ಧಾರವಾಡದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧರಾಗುತ್ತ ವರ್ಷಗಟ್ಟಲೆ ಕಳೆಯುವವರೂ ಇದೇ ತ್ರಿಶಂಕು ಸ್ವರ್ಗದವರು.

ರಿಯಾಯಿತಿಯನ್ನು ವಿದ್ಯಾರ್ಥಿತ್ವಕ್ಕೆ ಕಟ್ಟುವ ಬದಲು ವಯಸ್ಸಿಗೆ ಕಟ್ಟಿದ ಉದಾಹರಣೆಗಳು ಹೊರದೇಶಗಳಲ್ಲಿವೆ. ಸ್ಕಾಟ್ಲೆಂಡ್ 2022ರ ಜನವರಿ 31ರಿಂದ 22 ವರ್ಷದೊಳಗಿನ ಎಲ್ಲರಿಗೂ ಬಸ್ ಪ್ರಯಾಣವನ್ನು ಉಚಿತಗೊಳಿಸಿತು. ಓದುತ್ತಿರಲಿ, ದುಡಿಯುತ್ತಿರಲಿ, ಸುಮ್ಮನಿರಲಿ, ಕಾರ್ಡ್ ಒಂದಿದ್ದರೆ ಸಾಕು. ನಮ್ಮ ರಾಜ್ಯದ ಜನಸಂಖ್ಯೆಗೆ ಅದನ್ನು ಹಾಗೆಯೇ ತಂದು ಹಾಕಬೇಕೆಂದು ಯಾರೂ ಹೇಳಲಾರರು. ಆದರೆ ಯುವನಿಧಿ ಫಲಾನುಭವಿಗಳ ಪಟ್ಟಿ, ಶಿಶಿಕ್ಷುಗಳ ಪಟ್ಟಿ ಸರ್ಕಾರದ ಬಳಿ ಸಿದ್ಧವಾಗಿಯೇ ಇವೆ. ಅವರಿಗೆ ಪದವಿ ವಿದ್ಯಾರ್ಥಿಯ ದರದಲ್ಲಿ ಪಾಸ್ ಕೊಡಲು ಹೊಸ ಸಮೀಕ್ಷೆಯೇನೂ ಬೇಕಾಗಿಲ್ಲ.

ಮೆಟ್ರೊ ಎಂಬ ಮತ್ತೊಂದು ಲೋಕ

ರಾಜಧಾನಿಯ ಮೆಟ್ರೊಗೆ ಬಂದರೆ ಚಿತ್ರವೇ ಬೇರೆ. ‘ನಮ್ಮ ಮೆಟ್ರೊ’ 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿ ಮತ್ತು ಮಹಾತ್ಮಾ ಗಾಂಧಿ ರಸ್ತೆಯ ನಡುವೆ ಓಡಲು ಆರಂಭಿಸಿತು. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆ-ಬೊಮ್ಮಸಂದ್ರ ಮಾರ್ಗ ಉದ್ಘಾಟನೆಯಾದಾಗ ಜಾಲ ಸುಮಾರು 96 ಕಿಲೋಮೀಟರಿಗೆ ಬೆಳೆದಿತ್ತು. ಜಾಲ ಬೆಳೆದಂತೆ ದರವೂ ಬೆಳೆಯಿತು. 2025ರ ಫೆಬ್ರುವರಿ 9ರಂದು ಪರಿಷ್ಕೃತ ದರ ಜಾರಿಯಾಗಿ ಗರಿಷ್ಠ ದರ 60 ರೂ.ನಿಂದ 90 ರೂ.ಗೆ ಏರಿತು. ಕೆಲವು ನಿಲ್ದಾಣಗಳ ನಡುವೆ ದರ ದುಪ್ಪಟ್ಟಾದುದಕ್ಕೆ ತೀವ್ರ ವಿರೋಧ ವ್ಯಕ್ತವಾದ ನಂತರ ಐದೇ ದಿನಗಳಲ್ಲಿ ಏರಿಕೆಯನ್ನು ಶೇ.71ಕ್ಕೆ ಸೀಮಿತಗೊಳಿಸಲಾಯಿತು. ಗರಿಷ್ಠ ದರ ಮಾತ್ರ 90 ರೂ. ಆಗಿಯೇ ಉಳಿಯಿತು.

ಈ ಪರಿಷ್ಕರಣೆಯಲ್ಲಿ ಸ್ಮಾರ್ಟ್ ಕಾರ್ಡ್ ಬಳಸುವವರಿಗೆ ಶೇ.5ರ ರಿಯಾಯಿತಿ, ದಟ್ಟಣೆಯಿಲ್ಲದ ಅವಧಿಯಲ್ಲಿ ಇನ್ನೂ ಶೇ.5 ಎಂದು ಗೊತ್ತುಮಾಡಲಾಯಿತು. ದಟ್ಟಣೆಯಿಲ್ಲದ ಅವಧಿಯೆಂದರೆ ಬೆಳಿಗ್ಗೆ ಎಂಟರೊಳಗೆ, ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಮತ್ತು ರಾತ್ರಿ ಒಂಬತ್ತರ ನಂತರ. ಒಂಬತ್ತು ಗಂಟೆಯ ತರಗತಿಗೆ ಹೋಗುವವನಿಗೆ ಇದರ ಪ್ರಯೋಜನ ಅಷ್ಟಕ್ಕಷ್ಟೇ. ವಿದ್ಯಾರ್ಥಿಗಳಿಗೆಂದು ಪ್ರತ್ಯೇಕ ರಿಯಾಯಿತಿ ಆ ದರಪಟ್ಟಿಯಲ್ಲಿ ಇರಲಿಲ್ಲ. ಒಂದು ಬದಿಗೆ 50 ರೂ. ಎಂದು ಹಿಡಿದು, ತಿಂಗಳಿಗೆ 22 ದಿನ ಹೋಗಿಬಂದರೆ 2,200 ರೂ. ಬೇಕು. ಮೇಲೆ ಹೇಳಿದ ಕೆಎಸ್‌ಆರ್‌ಟಿಸಿ ಪದವಿ ಪಾಸಿನ ಹತ್ತು ತಿಂಗಳ ದರದ ಎರಡರಷ್ಟಕ್ಕಿಂತ ಇದು ಹೆಚ್ಚು; ಅದೂ ಒಂದೇ ತಿಂಗಳಿಗೆ.

ಬೇರೆಡೆ ಹೀಗಿಲ್ಲ. ನಾಗಪುರ ಮತ್ತು ಪುಣೆ ಮೆಟ್ರೊಗಳಲ್ಲಿ ವಿದ್ಯಾರ್ಥಿಗಳಿಗೆ ಶೇ.30ರ ರಿಯಾಯಿತಿ ಜಾರಿಗೆ ಬಂದಿದೆ. ಕೊಚ್ಚಿ ಮೆಟ್ರೊ 2025ರ ಜುಲೈನಲ್ಲಿ ಸುಮಾರು ಶೇ.33ರಷ್ಟು ಅಗ್ಗದ ವಿದ್ಯಾರ್ಥಿ ಪಾಸನ್ನು ಆರಂಭಿಸಿತು. ಬೆಂಗಳೂರಿನಲ್ಲಿ ಇದು ಕಷ್ಟವೆನ್ನಲು ಒಂದು ಕಾನೂನಿನ ಕಾರಣವನ್ನು ಮುಂದಿಡಲಾಗುತ್ತದೆ. ಮೆಟ್ರೊ ರೈಲು (ಕಾರ್ಯಾಚರಣೆ ಮತ್ತು ನಿರ್ವಹಣೆ) ಕಾಯ್ದೆ, 2002ರ ಪ್ರಕಾರ ನ್ಯಾಯಮೂರ್ತಿಯೊಬ್ಬರ ಅಧ್ಯಕ್ಷತೆಯ ದರ ನಿಗದಿ ಸಮಿತಿಯ ಶಿಫಾರಸು ಮೆಟ್ರೊ ಆಡಳಿತವನ್ನು ಬಂಧಿಸುತ್ತದೆ. ದರ ಏರಿದಾಗ ಕೇಂದ್ರದವರು ರಾಜ್ಯದತ್ತ, ರಾಜ್ಯದವರು ಕೇಂದ್ರದತ್ತ ಬೆರಳು ತೋರಿಸಲು ಈ ಏರ್ಪಾಡು ಬಹಳ ಅನುಕೂಲವಾಗಿ ಒದಗಿತು. ಆದರೆ ಟಿಕೆಟ್ಟಿನ ದರವನ್ನು ಮುಟ್ಟದೆ, ವಿದ್ಯಾರ್ಥಿಯ ಕಾರ್ಡಿಗೆ ವ್ಯತ್ಯಾಸದ ಹಣವನ್ನು ಸರ್ಕಾರವೇ ತುಂಬಿಕೊಡುವ ದಾರಿ ಇದ್ದೇ ಇದೆ. ‘ಶಕ್ತಿ’ಯಲ್ಲಿ ನಡೆಯುತ್ತಿರುವುದೂ ಅದೇ ಅಲ್ಲವೇ?

ಇನ್ನೊಂದು ತೊಡಕು, ಬಸ್ಸಿನ ಪಾಸು ಮೆಟ್ರೊದಲ್ಲಿ ನಡೆಯದು, ಮೆಟ್ರೊದ ರಿಯಾಯಿತಿ ಬಸ್ಸಿನಲ್ಲಿ ನಡೆಯದು. ನಗರದ ಸಂಚಾರ ವ್ಯವಸ್ಥೆಗಳನ್ನೆಲ್ಲ ಒಂದೇ ಛತ್ರಿಯಡಿ ತರಬೇಕೆಂದು ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಕಾಯ್ದೆ 2022ರಲ್ಲಿ ವಿಧಾನಮಂಡಲದ ಅಂಗೀಕಾರ ಪಡೆಯಿತು. ಒಂದೇ ಪಾಸಿನಲ್ಲಿ ಎರಡರಲ್ಲೂ ಓಡಾಡುವ ದಿನವನ್ನು ಅದು ಇನ್ನೂ ತಂದಿಲ್ಲ.

ಇಲ್ಲಿಯೇ ಪ್ರಾಸಂಗಿಕವಾಗಿ ರೈಲಿನ ಮಾತನ್ನೂ ಹೇಳಬೇಕು. ಭಾರತೀಯ ರೈಲ್ವೆಯಲ್ಲಿ ಹುಡುಗಿಯರಿಗೆ ಪದವಿಯವರೆಗೆ, ಹುಡುಗರಿಗೆ 12ನೇ ತರಗತಿಯವರೆಗೆ ಮನೆ ಮತ್ತು ವಿದ್ಯಾಸಂಸ್ಥೆಗಳ ನಡುವೆ ದ್ವಿತೀಯ ದರ್ಜೆಯ ಮಾಸಿಕ ಪಾಸು ಉಚಿತ; ಉಳಿದ ವಿದ್ಯಾರ್ಥಿಗಳಿಗೂ ಅರ್ಧ ದರ. ಈ ಸೌಲಭ್ಯದ ಬಗ್ಗೆ ಕಾಲೇಜುಗಳ ಸೂಚನಾ ಫಲಕಗಳಲ್ಲಿ ಒಂದು ಸಾಲೂ ಕಾಣುವುದಿಲ್ಲ. ಕಂಡರೂ ಏರಲು ಸರಿಯಾದ ಹೊತ್ತಿಗೆ ರೈಲು ಬೇಕಷ್ಟೆ. 148 ಕಿಲೋಮೀಟರ್ ಉದ್ದದ ಬೆಂಗಳೂರು ಉಪನಗರ ರೈಲು ಯೋಜನೆಗೆ 2022ರ ಜೂನ್ 20ರಂದು ಶಂಕುಸ್ಥಾಪನೆಯಾಗಿದೆ. ಅಂದು ಪದವಿಗೆ ಸೇರಿದ ವಿದ್ಯಾರ್ಥಿ ಅದನ್ನು ಮುಗಿಸುವ ಹೊತ್ತಾದರೂ ರೈಲು ಹಳಿಗೆ ಬಂದಿರಲಿಲ್ಲ.

ಖಾಸಗಿ ಬಸ್ಸಿನ ನಾಡು, ಗಡಿಯಾಚೆಯ ನಾಡು

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಸಾರಿಗೆಯ ಬಹುಪಾಲು ಖಾಸಗಿ ಬಸ್ಸುಗಳ ಕೈಯಲ್ಲಿದೆ. ‘ಶಕ್ತಿ’ ಅಲ್ಲಿ ಅನ್ವಯವಾಗುವುದಿಲ್ಲ. ಹೀಗಾಗಿ ಬೀದರಿನ ವಿದ್ಯಾರ್ಥಿನಿಗೆ ದೊರೆತ ಸೌಲಭ್ಯ ಕಾರ್ಕಳದ ಒಳಹಳ್ಳಿಯ ವಿದ್ಯಾರ್ಥಿನಿಗೆ ಪೂರ್ಣವಾಗಿ ದೊರೆತಿಲ್ಲ. ಅಲ್ಲಿ ವಿದ್ಯಾರ್ಥಿಗಳು ಬಸ್ ಮಾಲೀಕರ ಸಂಘಗಳ ರಿಯಾಯಿತಿಯನ್ನು ನೆಚ್ಚಿಕೊಂಡಿದ್ದಾರೆ. ಬಸ್ಸುಗಳು ಪದೇಪದೇ ಬರುತ್ತವೆ, ಕೈ ತೋರಿಸಿದಲ್ಲಿ ನಿಲ್ಲುತ್ತವೆ ಎಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು. ದರ ಹೆಚ್ಚಾದರೂ ಬಸ್ ಸಿಗುತ್ತದೆ ಎಂಬ ಸ್ಥಿತಿ ಕರಾವಳಿಯದ್ದಾದರೆ, ದರ ಇಲ್ಲದಿದ್ದರೂ ಬಸ್ ಸಿಗುವುದಿಲ್ಲ ಎಂಬ ಸ್ಥಿತಿ ಬಯಲುಸೀಮೆಯ ಅನೇಕ ಹಳ್ಳಿಗಳದ್ದು.

ನೆರೆಯ ಕೇರಳದಲ್ಲಿ ಖಾಸಗಿ ಬಸ್ಸುಗಳು ವಿದ್ಯಾರ್ಥಿಗಳಿಂದ ಕನಿಷ್ಠ ಒಂದು ರೂಪಾಯಿ ಮಾತ್ರ ಪಡೆಯಬೇಕೆಂಬ ನಿಯಮ ದೀರ್ಘಕಾಲ ನಡೆದುಬಂತು. ನಷ್ಟವನ್ನು ತುಂಬಿಕೊಡುವವರು ಯಾರೂ ಇಲ್ಲದ್ದರಿಂದ ಮಾಲೀಕರಿಗೂ ವಿದ್ಯಾರ್ಥಿಗಳಿಗೂ ನಿತ್ಯದ ಜಗಳ. 2025ರ ಜುಲೈನಲ್ಲಿ ಮಾಲೀಕರು ಬಸ್ ನಿಲ್ಲಿಸಿ ಮುಷ್ಕರ ಹೂಡಿದಾಗ ಈ ದರವನ್ನು ಏರಿಸಬೇಕೆಂಬುದೇ ಅವರ ಮುಖ್ಯ ಬೇಡಿಕೆಗಳಲ್ಲೊಂದಾಗಿತ್ತು. ರಿಯಾಯಿತಿಯನ್ನು ಘೋಷಿಸುವವರು ಒಬ್ಬರು, ಅದರ ಹೊರೆ ಹೊರುವವರು ಇನ್ನೊಬ್ಬರು ಎಂದಾದಲ್ಲಿ ವಿದ್ಯಾರ್ಥಿ ಯಾರಿಗೂ ಬೇಡದ ಪ್ರಯಾಣಿಕನಾಗುತ್ತಾನೆ. ಮಂಜೇಶ್ವರ, ಕಾಸರಗೋಡಿನಿಂದ ಮಂಗಳೂರಿನ ಕಾಲೇಜುಗಳಿಗೆ ಬರುವ ಕನ್ನಡ ವಿದ್ಯಾರ್ಥಿನಿಯರದ್ದು ಇನ್ನೊಂದು ಸಮಸ್ಯೆ. ವಿಳಾಸ ಕೇರಳದ್ದಾದುದರಿಂದ ಅವರಿಗೆ ‘ಶಕ್ತಿ’ ಇಲ್ಲ. ಓದುವುದು ಕರ್ನಾಟಕದಲ್ಲಿ, ಓಡಾಡುವ ಬಸ್ಸಿನ ಮೇಲಿರುವುದೂ ಕರ್ನಾಟಕದ ಹೆಸರೇ.

ಬಸ್ ಬಾರದಿದ್ದರೆ ಏನಾಗುತ್ತದೆ?

ನಗರದ ಓದುಗರಿಗೆ ಇದು ಇಪ್ಪತ್ತು ನಿಮಿಷ ತಡವಾಗುವ ಪ್ರಶ್ನೆಯೆಂದು ತೋರಬಹುದು. ದಿನಕ್ಕೆ ಎರಡೇ ಬಸ್ ಬರುವ ಊರಿನಲ್ಲಿ ಬೆಳಗಿನದು ತಪ್ಪಿದರೆ ಅಂದಿನ ಕಾಲೇಜು ತಪ್ಪಿದಂತೆಯೇ. ತಿಂಗಳಿಗೆ ಐದಾರು ದಿನ ಹೀಗಾದರೆ ಹಾಜರಾತಿ ಕಡಿಮೆಯಾಗುತ್ತದೆ, ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಸಂಜೆ ತಡವಾಗಿ ಕತ್ತಲಲ್ಲಿ ಇಳಿಯಬೇಕಾದ ಮಗಳನ್ನು ಮನೆಯವರು ಎಷ್ಟು ದಿನ ಕಳುಹಿಸಿಯಾರು? ಟಿಕೆಟ್ ಉಚಿತ ಎಂಬುದು ಆ ಚಿಂತೆಯನ್ನು ಕಳೆಯುವುದಿಲ್ಲ.

ಹುಡುಗರಾದರೆ ಬೈಕಿನತ್ತ ತಿರುಗುತ್ತಾರೆ. ಪಿಯುಸಿಯ ಹುಡುಗ ಅಪ್ಪನ ಬೈಕಿನಲ್ಲಿ ಇಬ್ಬರು ಗೆಳೆಯರನ್ನು ಕೂರಿಸಿಕೊಂಡು ಹೆದ್ದಾರಿಗಿಳಿಯುವ ದೃಶ್ಯ ಯಾವ ಜಿಲ್ಲೆಗೂ ಹೊಸದಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 199ಎ ಕಲಮಿನ ಪ್ರಕಾರ ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂ. ದಂಡ. ಪೊಲೀಸರು ಆಗಾಗ್ಗೆ ಕಾಲೇಜುಗಳ ಮುಂದೆ ಕಾರ್ಯಾಚರಣೆ ನಡೆಸಿ ಬೈಕುಗಳನ್ನು ಹಿಡಿಯುತ್ತಾರೆ. ಆ ಕಾಲೇಜಿಗೆ ಬೆಳಿಗ್ಗೆ ಎಷ್ಟು ಬಸ್ ಬರುತ್ತವೆ ಎಂದು ಕೇಳುವ ಅಧಿಕಾರ ಮಾತ್ರ ಅವರಿಗಿಲ್ಲ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ಮೀರಿದ್ದು, ಅವುಗಳಲ್ಲಿ ಬಹುಪಾಲು ದ್ವಿಚಕ್ರ ವಾಹನಗಳೇ. ಹದಿನೆಂಟರಲ್ಲಿ ಬಸ್ ಬಿಟ್ಟವನು ಇಪ್ಪತ್ತೆಂಟರಲ್ಲಿ ಬಸ್ಸಿಗೆ ಮರಳುವುದು ಅಪರೂಪ.

ಅಂಗವಿಕಲ ವಿದ್ಯಾರ್ಥಿಗಳ ಪಾಡಂತೂ ಈ ವ್ಯತ್ಯಾಸವನ್ನು ಇನ್ನಷ್ಟು ನಿಚ್ಚಳವಾಗಿ ತೋರಿಸುತ್ತದೆ. 660 ರೂ.ಗೆ ವರ್ಷವಿಡೀ 100 ಕಿಲೋಮೀಟರ್ ವ್ಯಾಪ್ತಿಯಲ್ಲಿ ಪ್ರಯಾಣಿಸುವ ಪಾಸ್ ಅವರಿಗೆ ಸಿಗುತ್ತಿತ್ತು. ಆದರೆ ಗ್ರಾಮಾಂತರ ಬಸ್ಸಿನ ಮೊದಲ ಮೆಟ್ಟಿಲನ್ನು ಗಾಲಿಕುರ್ಚಿಯಲ್ಲಿರುವವನು ಏರುವುದು ಹೇಗೆ? ಸಾರಿಗೆ ಎಲ್ಲರಿಗೂ ಪ್ರವೇಶಯೋಗ್ಯವಾಗಿರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ತಗ್ಗು ಮೆಟ್ಟಿಲಿನ ಬಸ್ಸುಗಳು ಮಾತ್ರ ಹೆಚ್ಚಾಗಿ ದೊಡ್ಡ ನಗರಗಳ ಹವಾನಿಯಂತ್ರಿತ ಸೇವೆಗಳಿಗೆ ಸೀಮಿತವಾಗಿವೆ.

ಹಣ ಎಲ್ಲಿಂದ ಎಂಬ ಪ್ರಶ್ನೆ ಸಹಜವಾದುದೇ. ‘ಶಕ್ತಿ’ಗೆ 2024-25ರಲ್ಲಿ 5,015 ಕೋಟಿ ರೂ., 2025-26ರಲ್ಲಿ 5,300 ಕೋಟಿ ರೂ. ಅನುದಾನ ಬಜೆಟ್ಟಿನಲ್ಲಿ ಒದಗಿತ್ತು. ಆದರೂ 2025ರ ಜನವರಿಯಲ್ಲಿ ಹಳೆಯ ಬಾಕಿಗಳನ್ನು ತೀರಿಸಲು ನಿಗಮಗಳು 2,000 ಕೋಟಿ ರೂ. ಸಾಲ ಪಡೆಯಲು ಸಚಿವ ಸಂಪುಟ ಒಪ್ಪಿಗೆ ನೀಡಬೇಕಾಯಿತು. ಅದೇ ವರ್ಷದ ಆಗಸ್ಟ್ 5ರಂದು ನೌಕರರು 38 ತಿಂಗಳ ವೇತನ ಹಿಂಬಾಕಿಗಾಗಿ ಮುಷ್ಕರಕ್ಕಿಳಿದರು; ಹೈಕೋರ್ಟ್ ಮಧ್ಯಪ್ರವೇಶದ ಬಳಿಕ ಅದು ನಿಂತಿತು. ಪ್ರಯಾಣಿಕನ ಟಿಕೆಟ್ಟಿಗೆ ಹಣ ಒದಗಿಸುವ ಉತ್ಸಾಹ ಬಸ್ಸಿಗೆ, ಚಾಲಕನಿಗೆ, ಡೀಸೆಲ್ಲಿಗೆ ಹಣ ಒದಗಿಸುವಲ್ಲಿ ಕಾಣುವುದಿಲ್ಲ. ಮೊದಲನೆಯದಕ್ಕೆ ಫಲಾನುಭವಿ ಇದ್ದಾನೆ, ಎರಡನೆಯದಕ್ಕೆ ಇಲ್ಲ. ರಾಜಕೀಯವಾಗಿ ಇದು ಅರ್ಥವಾಗುವ ಲೆಕ್ಕವೇ.

ಆದರೆ ಪ್ರಯಾಣದ ವಿಷಯದಲ್ಲಿ ಯುವಜನರ ತಾಳ್ಮೆಯನ್ನು ಅಳೆಯಹೊರಟ ಸರ್ಕಾರಗಳ ಅನುಭವ ಅಷ್ಟೇನೂ ಸುಖಕರವಾಗಿಲ್ಲ. ಕಲ್ಕತ್ತೆಯಲ್ಲಿ 1953ರಲ್ಲಿ ಟ್ರಾಮ್ ದರ ಒಂದು ಪೈಸೆ ಏರಿದ್ದಕ್ಕೆ ನಗರವೇ ಬೀದಿಗಿಳಿದಿತ್ತು. ಚಿಲಿ ದೇಶದ ಸ್ಯಾಂಟಿಯಾಗೊದಲ್ಲಿ 2019ರ ಅಕ್ಟೋಬರಿನಲ್ಲಿ ಮೆಟ್ರೊ ದರ 30 ಪೆಸೊ ಹೆಚ್ಚಾದಾಗ ಶಾಲಾ ವಿದ್ಯಾರ್ಥಿಗಳು ಟಿಕೆಟ್ ಗೇಟುಗಳನ್ನು ಹಾರಿದ್ದೇ ದೇಶವ್ಯಾಪಿ ದಂಗೆಗೆ ನಾಂದಿಯಾಯಿತು. ನಮ್ಮಲ್ಲಿ ಹಾಗಾದೀತೆಂದು ಯಾರೂ ಹೇಳುತ್ತಿಲ್ಲ. ನಮ್ಮ ವಿದ್ಯಾರ್ಥಿಗಳ ಪ್ರತಿಭಟನೆಗೆ ತನ್ನದೇ ಆದ ಕ್ರಮವಿದೆ. ಹಾವೇರಿಯಲ್ಲೋ ಗದಗದಲ್ಲೋ ಕೊಪ್ಪಳದಲ್ಲೋ ಯಾವುದೋ ಒಂದು ಕೂಡುರಸ್ತೆಯಲ್ಲಿ ಹುಡುಗ ಹುಡುಗಿಯರು ಬಸ್ಸಿಗೆ ಅಡ್ಡ ಕೂರುತ್ತಾರೆ. ಅರ್ಧ ಗಂಟೆಯಲ್ಲಿ ಪೊಲೀಸರು ಬರುತ್ತಾರೆ, ಒಂದು ಗಂಟೆಯಲ್ಲಿ ಘಟಕ ವ್ಯವಸ್ಥಾಪಕರು ಬರುತ್ತಾರೆ. ಮನವಿಪತ್ರ ಸ್ವೀಕಾರವಾಗುತ್ತದೆ. ಮರುದಿನದಿಂದ ಹೆಚ್ಚುವರಿ ಬಸ್ ಬಿಡುವ ಭರವಸೆ ದೊರೆಯುತ್ತದೆ; ಮರುದಿನ ಆ ಬಸ್ ಬರುತ್ತದೆ ಕೂಡ. ಹದಿನೈದು ದಿನ, ಒಂದು ತಿಂಗಳು ಓಡುತ್ತದೆ. ಆಮೇಲೆ ಜಾತ್ರೆಗೋ, ಮದುವೆಯ ಬಾಡಿಗೆಗೋ, ರಾಜಕೀಯ ಸಮಾವೇಶಕ್ಕೋ ಆ ಬಸ್ಸು ಒಂದು ದಿನ ಹೋಗುತ್ತದೆ. ಮರಳಿ ಬಂದ ಮೇಲೆ ಅದು ಬೇರೆ ಮಾರ್ಗದಲ್ಲಿ ಕಾಣಿಸಿಕೊಳ್ಳುತ್ತದೆ.